ಬಟರ್‌ಫ್ಲೈ ವೀಡ್: ಪ್ರೇರಿಯ ಕಿತ್ತಳೆ ಹೂವನ್ನು ಗುರುತಿಸಿ ಬೆಳೆಸುವುದು ಹೇಗೆ

ಅಮೆರಿಕದಲ್ಲಿ ನರ್ಸರಿಗೆ ಹೋಗಿ ಬಟರ್‌ಫ್ಲೈ ಹೆಸರಿನ ಗಿಡ ಬೇಕು ಅಂತ ಕೇಳಿದರೆ ಮೂರು ಬೇರೆ ಬೇರೆ ಗಿಡಗಳು ಕೈಗೆ ಬರಬಹುದು. ಒಂದು ಬಟರ್‌ಫ್ಲೈ ಬುಷ್. ಅದು ಚೀನಾದ ಪೊದೆ, ಆಳೆತ್ತರ ಬೆಳೆಯುತ್ತದೆ, ಹೆಚ್ಚಾಗಿ ನೇರಳೆ ಹೂ. ಇನ್ನೊಂದು ಟ್ರಾಪಿಕಲ್ ಮಿಲ್ಕ್‌ವೀಡ್. ಅದು ಮೆಕ್ಸಿಕೋ ಮತ್ತು ಅದರ ದಕ್ಷಿಣದ ಬಿಸಿ ನಾಡಿನದು. ಮೂರನೆಯದೇ ಬಟರ್‌ಫ್ಲೈ ವೀಡ್, ಅಂದರೆ ಅಸ್ಕ್ಲೀಪಿಯಸ್ ಟ್ಯೂಬರೋಸಾ. ಉತ್ತರ ಅಮೆರಿಕದ ಹುಲ್ಲುಗಾವಲಿನದೇ ಗಿಡ ಇದು. ಮೂರರಲ್ಲಿ ನಿಮಗೆ ಬೇಕಾದದ್ದು ಇದೇ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಯಾಕೆ, ಹೇಗೆ ಗುರುತಿಸುವುದು, ತಂದ ಮೇಲೆ ಸಾಯಿಸದೆ ಬೆಳೆಸುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ನೋಡೋಣ. ಈಗಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಗಿಡದ ಗುಟ್ಟೆಲ್ಲ ಬೇರಿನಲ್ಲಿದೆ.

ಮೊದಲು ಅದು ಹುಟ್ಟಿದ ಜಾಗ. ಪ್ರೇರಿ ಅಂದರೆ ಮರಗಳು ತೀರಾ ಕಡಿಮೆ ಇರುವ, ಹುಲ್ಲು ಮತ್ತು ಹೂಗಿಡಗಳೇ ತುಂಬಿದ ಬಯಲು. ಅಮೆರಿಕದ ನಡುಭಾಗದ ದೊಡ್ಡ ಪಾಲು ಒಂದು ಕಾಲಕ್ಕೆ ಹೀಗೇ ಇತ್ತು. ಇಲಿನಾಯ್ ರಾಜ್ಯವನ್ನು ಇವತ್ತಿಗೂ ಪ್ರೇರಿ ರಾಜ್ಯ ಅಂತಲೇ ಕರೆಯುತ್ತಾರೆ. ಆದರೆ ಅಲ್ಲಿದ್ದ ಸುಮಾರು 2.2 ಕೋಟಿ ಎಕರೆ ಪ್ರೇರಿಯಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇಕಡಾ 0.01ರಷ್ಟು ಮಾತ್ರ. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಇಲಿನಾಯ್‌ನಲ್ಲೇ ಉಕ್ಕಿನ ನೇಗಿಲು ಮಾಡಿದ. ಅಲ್ಲಿಯವರೆಗೆ ನೇಗಿಲಿಗೆ ಮೆತ್ತಿಕೊಂಡು ಕಾಡುತ್ತಿದ್ದ ಆ ಅಂಟು ಕಪ್ಪುಮಣ್ಣನ್ನು ಉಳುವುದು ಸುಲಭವಾಯಿತು, ಮುಂದಿನ ಕೆಲವು ದಶಕಗಳಲ್ಲೇ ಹುಲ್ಲುಗಾವಲು ಹೋಗಿ ಮೆಕ್ಕೆಜೋಳ, ಗೋಧಿ ಬಂತು. ಉಳಿದದ್ದು ರೈಲು ಹಳಿಯ ಪಕ್ಕ, ಹಳೆಯ ಸ್ಮಶಾನಗಳಲ್ಲಿ, ಉಳಲು ಬಾರದ ಮರಳು ದಿಬ್ಬಗಳಲ್ಲಿ.

ಈಗ ಅದನ್ನು ಮತ್ತೆ ಬೆಳೆಸುವ ಕೆಲಸವೂ ನಡೆದಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಬೊರೀಟಂನಲ್ಲಿ, ಅಂದರೆ ಮರಗಿಡಗಳ ಉದ್ಯಾನದಲ್ಲಿ, 1930ರ ದಶಕದಲ್ಲೇ ಹಳೆಯ ಹೊಲವೊಂದನ್ನು ಪ್ರೇರಿಗೆ ತಿರುಗಿಸಲು ಶುರು ಮಾಡಿದರು. ಅದಕ್ಕೆ ಕರ್ಟಿಸ್ ಪ್ರೇರಿ ಅಂತ ಹೆಸರು. ಶಿಕಾಗೋ ಹತ್ತಿರ ಲೈಲ್‌ನಲ್ಲಿರುವ ಮಾರ್ಟನ್ ಅರ್ಬೊರೀಟಂನಲ್ಲಿ 1962ರಲ್ಲಿ ಶುರುವಾದ ಷುಲೆನ್‌ಬರ್ಗ್ ಪ್ರೇರಿ ಇದೆ. ನೇಪರ್‌ವಿಲ್, ಅರೋರಾ ಕಡೆ ಇರುವ ಕನ್ನಡದವರಿಗೆ ಇದು ತುಂಬಾ ಹತ್ತಿರ. ಜೋಲಿಯೆಟ್ ಹತ್ತಿರ ಹಿಂದೆ ಮದ್ದುಗುಂಡು ಮಾಡುತ್ತಿದ್ದ ಸೇನೆಯ ಜಾಗವನ್ನು 1996ರಲ್ಲಿ ಮಿಡೇವಿನ್ ರಾಷ್ಟ್ರೀಯ ಪ್ರೇರಿಯಾಗಿ ಮಾಡಿದ್ದಾರೆ. ಜೂನ್ ಕೊನೆ ಅಥವಾ ಜುಲೈನಲ್ಲಿ ಇಂಥ ಕಡೆ ಒಂದು ಸಲ ಸುಮ್ನೆ ಓಡಾಡಿ ಬನ್ನಿ. ಪ್ರೇರಿಯ ಗಿಡಗಳನ್ನು ಫೋಟೋದಲ್ಲಿ ಕಲಿಯುವುದಕ್ಕಿಂತ ಹುಲ್ಲಿನ ನಡುವೆ ನಿಂತಿರುವಾಗ ನೋಡಿ ಕಲಿಯುವುದು ವಾಸಿ.

ಈಗ ಗುರುತು. ಗಿಡ ಒಂದರಿಂದ ಎರಡೂವರೆ ಅಡಿ ಎತ್ತರ. ಒಂದೇ ಬುಡದಿಂದ ಹಲವು ಕಾಂಡಗಳು ಎದ್ದು ಪೊದೆಯ ಹಾಗೆ ಹರಡುತ್ತವೆ. ಕಾಂಡ, ಎಲೆ ಎರಡರ ಮೇಲೂ ಸಣ್ಣ ರೋಮ ಇದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಎಲೆ ಉದ್ದ, ತುದಿ ಚೂಪು, ಎರಡರಿಂದ ನಾಲ್ಕು ಇಂಚು. ಮುಖ್ಯ ವಿಷಯ ಎಲೆಗಳ ಜೋಡಣೆ. ಇದೂ ಮಿಲ್ಕ್‌ವೀಡ್ ಜಾತಿಯದೇ, ಆದರೆ ಆ ಜಾತಿಯ ಹೆಚ್ಚಿನ ಗಿಡಗಳಲ್ಲಿ ಎಲೆಗಳು ಎದುರು ಬದುರಾಗಿ ಜೋಡಿ ಜೋಡಿ ಇರುತ್ತವೆ. ಇದರಲ್ಲಿ ಹಾಗಲ್ಲ, ಒಂದು ಈ ಕಡೆ, ಒಂದು ಆ ಕಡೆ, ಕಾಂಡವನ್ನು ಸುತ್ತಿಕೊಂಡು ಒತ್ತೊತ್ತಾಗಿ ಮೇಲೇರುತ್ತವೆ. ಇನ್ನೂ ಒಳ್ಳೆಯ ಗುರುತು ಸೊನೆ. ಒಂದು ಎಲೆ ಕಿತ್ತು ನೋಡಿ. ಬೇರೆ ಮಿಲ್ಕ್‌ವೀಡ್‌ಗಳಲ್ಲಿ ಬಿಳಿ ಹಾಲು ಉಕ್ಕುತ್ತದೆ. ಇದರಲ್ಲಿ ಬರುವುದು ನೀರಿನಂಥ ತಿಳಿ ಸೊನೆ, ಅದೂ ಸ್ವಲ್ಪ. ಹೂ ಬಿಡದ ಗಿಡವನ್ನು ಗುರುತಿಸಲು ಈ ಮೂರು ಸಾಕು: ರೋಮ, ಜೋಡಿಯಲ್ಲದ ಎಲೆ, ಹಾಲಿಲ್ಲದ ಸೊನೆ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡಿ.

ಹೂವಿನ ಬಣ್ಣ ಗಾಢ ಕಿತ್ತಳೆ. ಕೆಲವು ಗಿಡಗಳಲ್ಲಿ ಹಳದಿ, ಇನ್ನು ಕೆಲವದರಲ್ಲಿ ಕೆಂಪು ಕಡೆಗೆ ವಾಲಿದ ಕಿತ್ತಳೆ. ಕಾಂಡದ ತುದಿಯಲ್ಲಿ ಚಪ್ಪಟೆ ಗೊಂಚಲು. ಜೂನ್‌ನಿಂದ ಆಗಸ್ಟ್‌ವರೆಗೆ ಅರಳುತ್ತದೆ. ಗೊಂಚಲನ್ನು ದೂರದಿಂದ ನೋಡಿ ಹೋಗಿಬಿಡಬೇಡಿ, ಒಂದೇ ಒಂದು ಹೂವನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಇದು ನೋಡಲೇಬೇಕಾದದ್ದು. ಹೂ ಅರ್ಧ ಇಂಚಿನಷ್ಟು. ಐದು ಎಸಳುಗಳು ಕೆಳಕ್ಕೆ ಮಡಚಿಕೊಂಡಿವೆ. ಅವುಗಳ ಮೇಲೆ ಐದು ಪುಟ್ಟ ಬಟ್ಟಲುಗಳು ನೆಟ್ಟಗೆ ನಿಂತಿವೆ, ಒಂದೊಂದರೊಳಗೂ ಒಂದೊಂದು ಕೊಂಬು, ತಳದಲ್ಲಿ ಮಕರಂದ. ಎರಡು ಬಟ್ಟಲುಗಳ ನಡುವೆ ಒಂದು ಕಿರಿದಾದ ಸೀಳು, ಸೀಳಿನ ಮೇಲ್ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ನಮ್ಮ ಕಣ್ಣಿಗೆ ಕಸದ ಹಾಗೆ ಕಾಣುವ ಆ ಚುಕ್ಕೆಯೇ ಇಡೀ ಹೂವಿನ ಕೀಲಿ.

ದಾಸವಾಳ, ಸೂರ್ಯಕಾಂತಿಗಳಲ್ಲಿ ಪರಾಗ ಪುಡಿ ಪುಡಿಯಾಗಿರುತ್ತದೆ, ಮುಟ್ಟಿದರೆ ಕೈಗೆ ಹತ್ತುತ್ತದೆ. ಇಲ್ಲಿ ಹಾಗಿಲ್ಲ. ಪರಾಗವೆಲ್ಲ ಮೇಣದಂಥ ಎರಡು ಗಟ್ಟಿ ಚೀಲಗಳಾಗಿದೆ. ಅಗಸರ ಕತ್ತೆಯ ಬೆನ್ನ ಮೇಲೆ ಎರಡೂ ಕಡೆ ಇಳಿಬಿಟ್ಟ ಗಂಟುಗಳ ಹಾಗೆ ಆ ಎರಡು ಚೀಲಗಳು ಕಪ್ಪು ಚುಕ್ಕೆಯಿಂದ ಎರಡು ಕಡೆಗೆ ಇಳಿಬಿದ್ದಿರುತ್ತವೆ. ಜೇನೋ ಕಣಜವೋ ಚಿಟ್ಟೆಯೋ ಮಕರಂದಕ್ಕೆ ಬಂದು ಕೂತಾಗ ನುಣುಪಾದ ಹೂವಿನ ಮೇಲೆ ಕಾಲು ಜಾರಿ ಸೀಳಿನೊಳಗೆ ಸಿಕ್ಕಿಕೊಳ್ಳುತ್ತದೆ, ಕಾಲನ್ನು ಮೇಲಕ್ಕೆ ಎಳೆದುಕೊಂಡಾಗ ಕಪ್ಪು ಚುಕ್ಕೆ ಕ್ಲಿಪ್ಪಿನಂತೆ ಕಾಲಿಗೆ ಕಚ್ಚಿಕೊಂಡು ಎರಡೂ ಚೀಲಗಳ ಸಮೇತ ಹೊರಗೆ ಬರುತ್ತದೆ. ಅದೇ ಕೀಟ ಇನ್ನೊಂದು ಗಿಡದ ಹೂವಿನ ಮೇಲೆ ಜಾರಿದಾಗ ಆ ಚೀಲ ಅಲ್ಲಿನ ಸೀಳಿನೊಳಗೆ ಸರಿಯಾಗಿ ಕೂರಬೇಕು. ಕೂತರೆ ಕಾಯಿ, ಇಲ್ಲದಿದ್ದರೆ ಇಲ್ಲ. ಇಷ್ಟೆಲ್ಲ ಹೊಂದಿ ಬರುವುದು ಅಪರೂಪ, ಅದಕ್ಕೇ ಗೊಂಚಲು ತುಂಬಾ ಹೂ ಇದ್ದರೂ ಕಾಯಿ ಕೆಲವೇ ಕೆಲವು. ಸಣ್ಣ ಕೀಟಗಳು ಕಾಲು ಬಿಡಿಸಿಕೊಳ್ಳಲಾಗದೆ ಅಲ್ಲೇ ಸಾಯುವುದೂ ಉಂಟು.

ಇದನ್ನು ನೋಡಲು ಅಮೆರಿಕದಲ್ಲೇ ಇರಬೇಕಾಗಿಲ್ಲ. ನಮ್ಮ ಎಕ್ಕ ಇದೇ ಕುಟುಂಬದ ಗಿಡ. ರಥಸಪ್ತಮಿಯಂದು ತಲೆ, ಭುಜದ ಮೇಲೆ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವಲ್ಲ, ಅದೇ ಎಕ್ಕ. ಅದರ ಹೂವಿನ ನಡುವಿನ ಕಿರೀಟದಂಥ ಭಾಗದಲ್ಲೂ ಇದೇ ಸೀಳು, ಇದೇ ಕಪ್ಪು ಚುಕ್ಕೆ, ಇದೇ ಜೋಡಿ ಚೀಲ ಇವೆ. ಸೂಜಿಯ ಮೊನೆಯಿಂದ ಚುಕ್ಕೆಯನ್ನು ಮೆಲ್ಲಗೆ ಮೇಲೆತ್ತಿದರೆ ಹಳದಿ ಚೀಲಗಳು ಒಟ್ಟಿಗೆ ಹೊರಗೆ ಬರುತ್ತವೆ. ಮಕ್ಕಳಿಗೆ ತೋರಿಸಿ, ಮರೆಯುವುದಿಲ್ಲ. ಎಕ್ಕದ ಹಾಲು ಮಾತ್ರ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಅದು ನಿಜಕ್ಕೂ ಅಪಾಯ.

ಇನ್ನು ತಪ್ಪಾಗುವ ಕಡೆಗಳು. ಜಾಸ್ತಿ ಮೋಸ ಹೋಗುವುದು ಟ್ರಾಪಿಕಲ್ ಮಿಲ್ಕ್‌ವೀಡ್‌ನಲ್ಲಿ. ಅದರ ಎಸಳು ಕೆಂಪು, ಮೇಲಿನ ಬಟ್ಟಲು ಹಳದಿ, ಎರಡು ಬಣ್ಣ ಬೇರೆ ಬೇರೆಯಾಗಿ ಎದ್ದು ಕಾಣುತ್ತದೆ. ಎಲೆ ನುಣುಪು, ಜೋಡಿ ಜೋಡಿ, ಕಿತ್ತರೆ ಹಾಲು. ಇದು ಭಾರತಕ್ಕೂ ಬಂದು ನೆಲೆಯೂರಿದೆ, ಮಲೆನಾಡಿನ ಕಡೆ ನೀರು ನಿಲ್ಲುವ ಜಾಗಗಳಲ್ಲಿ, ರಸ್ತೆ ಬದಿಯಲ್ಲಿ ನೀವೂ ನೋಡಿರುತ್ತೀರಿ. ಇನ್ನೊಂದು ಹೋರಿ ಪಕೂನ್ ಅನ್ನುವ ಪ್ರೇರಿ ಹೂ. ಅದೂ ಕಿತ್ತಳೆ ಹಳದಿಯೇ, ಆದರೆ ಅರಳುವುದು ಏಪ್ರಿಲ್, ಮೇ ತಿಂಗಳಲ್ಲಿ, ಗಿಡ ಕುಳ್ಳ, ಹೂವಿನಲ್ಲಿ ಬಟ್ಟಲು ಕೊಂಬು ಏನೂ ಇಲ್ಲ, ಐದು ಎಸಳು ಅಗಲವಾಗಿ ಬಿಚ್ಚಿಕೊಂಡಿರುತ್ತವೆ. ಅಂಗಡಿಯಲ್ಲಿ ಚೀಟಿಯ ಮೇಲೆ ಅಸ್ಕ್ಲೀಪಿಯಸ್ ಟ್ಯೂಬರೋಸಾ ಅಂತ ಪೂರ್ತಿ ಹೆಸರು ಇದೆಯಾ ನೋಡಿ. ಬರೀ ಮಿಲ್ಕ್‌ವೀಡ್, ಬರೀ ಬಟರ್‌ಫ್ಲೈ ಅಂತಿದ್ದರೆ ಎಲೆ ನೋಡದೆ ಕೊಳ್ಳಬೇಡಿ. ಕೀಟನಾಶಕ ಹಾಕಿ ಬೆಳೆಸಿದ್ದಾರಾ ಅಂತಲೂ ಕೇಳಿ. ಗಿಡದೊಳಗೇ ಹರಿಯುವಂಥ ಔಷಧಿ ಹಾಕಿದ್ದರೆ ಎಲೆ ತಿಂದ ಚಿಟ್ಟೆಯ ಹುಳಗಳು ಸತ್ತೇ ಹೋಗುತ್ತವೆ.

ಈಗ ಬೇರಿನ ವಿಷಯ. ಬಟರ್‌ಫ್ಲೈ ವೀಡ್ ಒಂದು ದಪ್ಪ ತಾಯಿಬೇರನ್ನು ನೇರವಾಗಿ ಆಳಕ್ಕೆ ಇಳಿಸುತ್ತದೆ. ಪ್ರೇರಿಯಲ್ಲಿ ಬೇಸಿಗೆಯಲ್ಲಿ ಮೇಲಿನ ಮಣ್ಣು ಒಣಗಿ ಬಿರಿಯುತ್ತದೆ, ಆಗಾಗ ಬೆಂಕಿ ಹಾಯುತ್ತದೆ. ಅಲ್ಲಿನ ಮೂಲನಿವಾಸಿಗಳು ಬೇಕೆಂದೇ ಹುಲ್ಲಿಗೆ ಬೆಂಕಿ ಇಡುತ್ತಿದ್ದರು, ಈಗ ಪ್ರೇರಿ ನೋಡಿಕೊಳ್ಳುವವರೂ ಇಡುತ್ತಾರೆ. ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಇದೆಲ್ಲದರಲ್ಲೂ ಮೇಲಿನ ಗಿಡ ಹೋದರೂ ಬೇರು ಬದುಕಿರುತ್ತದೆ, ಅಲ್ಲಿಂದ ಮತ್ತೆ ಚಿಗುರುತ್ತದೆ. ಹಿಂದೆ ಈ ಬೇರನ್ನು ಮೂಲನಿವಾಸಿಗಳೂ ಆಮೇಲೆ 19ನೇ ಶತಮಾನದ ಅಮೆರಿಕನ್ ವೈದ್ಯರೂ ಎದೆಯ ಕಾಯಿಲೆಗೆ ಔಷಧಿಯಾಗಿ ಬಳಸುತ್ತಿದ್ದರು. ಹಾಗಂತ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಹೃದಯದ ಮೇಲೆ ಕೆಲಸ ಮಾಡುವ ವಿಷದ ಅಂಶಗಳು ಇದರಲ್ಲಿವೆ.

ಬೆಳೆಸುವ ನಿಯಮಗಳೆಲ್ಲ ಈ ಬೇರಿನಿಂದಲೇ ಬರುತ್ತವೆ. ಬೇರು ನೀರನ್ನು ಆಳದಿಂದ ತರುತ್ತದೆ, ಹಾಗಾಗಿ ಬೇರೂರಿದ ಗಿಡಕ್ಕೆ ನೀರು ಹಾಕಬೇಕಾಗಿಲ್ಲ. ಬುಡದಲ್ಲಿ ನೀರು ನಿಂತರೆ, ಅದರಲ್ಲೂ ಚಳಿಗಾಲದ ಒದ್ದೆಯಲ್ಲಿ, ಬೇರಿನ ತಲೆ ಕೊಳೆತು ಗಿಡ ಸಾಯುತ್ತದೆ, ಹಾಗಾಗಿ ನೀರು ಬಸಿದು ಹೋಗುವ ಜಾಗವೇ ಬೇಕು. ಮರಳು ಮಣ್ಣು, ಗರಸು, ಇಳಿಜಾರು ಎಲ್ಲ ಆಗುತ್ತದೆ. ಗಟ್ಟಿ ಜೇಡಿಮಣ್ಣಾದರೆ ಸ್ವಲ್ಪ ಎತ್ತರಿಸಿದ ಪಾತಿ ಮಾಡಿ. ಬಿಸಿಲು ದಿನಕ್ಕೆ ಆರು ಗಂಟೆಗೆ ಕಡಿಮೆ ಇರಬಾರದು. ಗೊಬ್ಬರ ಬೇಡವೇ ಬೇಡ, ಹಾಕಿದರೆ ಕಾಂಡ ಉದ್ದುದ್ದ ಬೆಳೆದು ನೆಲಕ್ಕೆ ಒರಗುತ್ತದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮವರು ಹಿತ್ತಲಲ್ಲಿ ಟೊಮ್ಯಾಟೊ, ಮೆಂತ್ಯ, ಬಸಳೆ, ಹೀರೆ ಬೆಳೆಸಿ ಕೈ ಪಳಗಿದವರು. ಕಾಂಪೋಸ್ಟ್ ಹಾಕಿ ದಿನಾ ಸಂಜೆ ನೀರು ಹಾಕುವುದೇ ನಮಗೆ ಪ್ರೀತಿ ತೋರಿಸುವ ರೀತಿ. ತರಕಾರಿಗೆ ಅದು ಸರಿ. ಈ ಗಿಡವನ್ನು ಅದೇ ಪ್ರೀತಿ ಕೊಲ್ಲುತ್ತದೆ. ತರಕಾರಿ ಪಾತಿಯಿಂದ ದೂರ, ಪೈಪಿನ ನೀರು ದಿನಾ ತಲುಪದ ಕಡೆ ನೆಡಿ.

ಇನ್ನೊಂದು, ನೆಟ್ಟ ಮೇಲೆ ಜಾಗ ಬದಲಿಸಬೇಡಿ. ತಾಯಿಬೇರು ತುಂಡಾದರೆ ದೊಡ್ಡ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಅದಕ್ಕೇ ಎಲ್ಲಿಂದಲೋ ಕಾಡುಗಿಡ ಅಗೆದು ತರುವುದು ದಂಡ. ಅಲ್ಲಿನದೂ ಹಾಳು, ಇಲ್ಲಿಯೂ ಬದುಕುವುದಿಲ್ಲ. ಸಂರಕ್ಷಿತ ಜಾಗದಲ್ಲಿ ಅಗೆಯುವುದು ಕಾನೂನಿಗೂ ವಿರುದ್ಧ.

ಬೀಜದಿಂದ ಬೆಳೆಸುವುದು ನನಗೆ ಎಲ್ಲಕ್ಕಿಂತ ಇಷ್ಟ, ಖರ್ಚೂ ಕಡಿಮೆ. ಆದರೆ ಕೊತ್ತಂಬರಿ ಬಿತ್ತಿದ ಹಾಗೆ ಪ್ಯಾಕೆಟ್ ಒಡೆದು ಏಪ್ರಿಲ್‌ನಲ್ಲಿ ಬಿತ್ತಿದರೆ ಹೆಚ್ಚಿನ ಬೀಜ ಮೊಳೆಯುವುದಿಲ್ಲ. ಯಾಕೆಂದರೆ ಕಾಯಿ ಒಡೆದು ಬೀಜ ನೆಲಕ್ಕೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಆಗಿನ ಬೆಚ್ಚನೆಯ ಹವೆ ನಂಬಿ ಮೊಳೆತರೆ ಕೆಲವೇ ವಾರದಲ್ಲಿ ಹಿಮಕ್ಕೆ ಸಿಕ್ಕಿ ಎಳೆಸಸಿ ಸಾಯುತ್ತದೆ. ಅದಕ್ಕೇ ಒಂದು ಪೂರ್ತಿ ಒದ್ದೆ ಚಳಿ ಕಳೆಯುವವರೆಗೆ ಬೀಜ ಮಲಗಿಯೇ ಇರುತ್ತದೆ. ನಾವು ಆ ಚಳಿಗಾಲವನ್ನು ಅದಕ್ಕೆ ಕೊಡಬೇಕು, ಅಷ್ಟೇ.

ಸುಲಭದ ದಾರಿ, ನವೆಂಬರ್‌ನಲ್ಲಿ ನೇರ ನೆಲಕ್ಕೇ ಬಿತ್ತುವುದು. ಹುಲ್ಲು, ಕಳೆ ತೆಗೆದು, ಬೀಜದ ಮೇಲೆ ಕಾಲು ಇಂಚು ಮಣ್ಣು ಹಾಕಿ ಕಾಲಿನಿಂದ ಒತ್ತಿ ಬಿಟ್ಟುಬಿಡಿ. ಉಳಿದದ್ದನ್ನು ಹಿಮ ನೋಡಿಕೊಳ್ಳುತ್ತದೆ. ಇಲ್ಲವೆಂದರೆ ಫ್ರಿಜ್. ಒದ್ದೆ ಮರಳು ಅಥವಾ ಹಿಂಡಿದ ಪೇಪರ್ ಟವೆಲ್‌ನಲ್ಲಿ ಬೀಜ ಸುತ್ತಿ, ಜಿಪ್ ಕವರ್‌ನಲ್ಲಿ ಹಾಕಿ, ಮೇಲೆ ತಾರೀಖು ಬರೆದು ಇಡಿ. 4 ಡಿಗ್ರಿ ಸೆಲ್ಸಿಯಸ್, ಅಂದರೆ 40 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, 30ರಿಂದ 60 ದಿನ. ಫ್ರೀಜರ್‌ನಲ್ಲಿ ಅಲ್ಲ, ಕೆಳಗಿನ ಭಾಗದಲ್ಲಿ. ನೀರು ತೊಟ್ಟಿಕ್ಕುವಷ್ಟು ಒದ್ದೆ ಇದ್ದರೆ ಬೂಷ್ಟು ಹಿಡಿಯುತ್ತದೆ, ಆಗಾಗ ತೆಗೆದು ನೋಡಿ. ಆಮೇಲೆ ಆಳವಾದ ಕುಂಡದಲ್ಲಿ ಬಿತ್ತಿ ಬೆಚ್ಚಗಿನ ಬೆಳಕಿನಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಕುಂಡ ಆಳವಾಗಿಯೇ ಇರಲಿ, ಸಸಿ ಎರಡಿಂಚು ಇರುವಾಗಲೇ ಬೇರು ಅದಕ್ಕಿಂತ ಉದ್ದ ಇಳಿದಿರುತ್ತದೆ. ಹಿಮದ ಭಯ ಕಳೆದ ಮೇಲೆ ಮಣ್ಣಿನ ಹೆಂಟೆ ಒಡೆಯದಂತೆ ಎತ್ತಿ, ಒಂದರಿಂದ ಒಂದೂವರೆ ಅಡಿ ಅಂತರದಲ್ಲಿ ನೆಡಿ. ಮೊದಲ ಬೇಸಿಗೆ ಮಾತ್ರ ಮಣ್ಣು ಒಣಗಿದಾಗ ನೀರು ಬೇಕು.

ಮೊದಲ ವರ್ಷ ನೋಡಲು ಏನೂ ಇರುವುದಿಲ್ಲ. ಒಂದು ಬಡಕಲು ಕಾಂಡ, ನಾಲ್ಕು ಎಲೆ. ಗಿಡ ಆಗ ಕೆಳಗೆ ಬೆಳೆಯುತ್ತಿರುತ್ತದೆ. ಹೂ ಬರುವುದು ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ವರ್ಷ. ಒಂದೇ ಗಿಡ ನೆಡಬೇಡಿ, ಬೇರೆ ಬೇರೆ ಬೀಜದಿಂದ ಬಂದ ಮೂರು ನಾಲ್ಕು ಗಿಡ ಹತ್ತಿರ ಹತ್ತಿರ ಇರಲಿ. ತನ್ನದೇ ಪರಾಗದಿಂದ ಇದು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ.

ಜನ ಈ ಗಿಡವನ್ನು ಕಳೆದುಕೊಳ್ಳುವುದು ಹೆಚ್ಚಾಗಿ ವಸಂತದಲ್ಲಿ. ಚಳಿಗಾಲದಲ್ಲಿ ಕಾಂಡ ಪೂರ್ತಿ ಒಣಗಿ ಹೋಗುತ್ತದೆ. ಏಪ್ರಿಲ್‌ನಲ್ಲಿ ಸುತ್ತಲಿನ ಗಿಡಗಳೆಲ್ಲ ಚಿಗುರಿದರೂ ಇದರ ಸುಳಿವೇ ಇಲ್ಲ. ಶಿಕಾಗೋ ಕಡೆ ಮೇ ನಡುವಿನವರೆಗೂ ನೆಲದ ಮೇಲೆ ಏನೂ ಕಾಣದಿರಬಹುದು. ಸತ್ತಿತು ಅಂದುಕೊಂಡು ಅದೇ ಜಾಗದಲ್ಲಿ ಗುದ್ದಲಿ ಹಾಕುತ್ತಾರೆ. ಹಾಗಾಗಬಾರದು ಅಂದರೆ ಒಣಗಿದ ಕಾಂಡವನ್ನು ಶರತ್ಕಾಲದಲ್ಲಿ ಕತ್ತರಿಸಬೇಡಿ, ಗುರುತಿಗೆ ಅದೇ ಇರುತ್ತದೆ. ಅಥವಾ ಒಂದು ಕಡ್ಡಿ ನೆಡಿ. ಬುಡದ ಮೇಲೆ ಮರದ ಚೂರಿನ ಹೊದಿಕೆ ದಪ್ಪವಾಗಿ ಹಾಕುವುದೂ ಬೇಡ.

ರೋಗ, ಕೀಟದ ಕಾಟ ಕಡಿಮೆ. ಬೇಸಿಗೆಯಲ್ಲಿ ಎಳೆ ತುದಿಗಳಿಗೆ ಹಳದಿ ಹೇನು ಮುತ್ತಿಕೊಳ್ಳುತ್ತದೆ. ಊರಲ್ಲಿ ಎಕ್ಕಕ್ಕೆ, ಕಣಗಿಲೆಗೆ ಹತ್ತುವುದೂ ಅದೇ ಹೇನು. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ, ಸಾಕು. ತೊಳೆಯುವ ಮೊದಲು ಎಲೆಗಳ ಅಡಿ ನೋಡಿ, ಚಿಟ್ಟೆಯ ಮೊಟ್ಟೆ ಇರಬಹುದು. ಔಷಧಿ ಹೊಡೆಯಲೇಬೇಡಿ, ಸೋಪಿನ ನೀರೂ ಹುಳಗಳಿಗೆ ಒಳ್ಳೆಯದಲ್ಲ. ಕಾಯಿಗಳ ಮೇಲೆ ಕೆಂಪು ಕಪ್ಪು ಬಣ್ಣದ ತಿಗಣೆಗಳು ಕಂಡರೆ ಗಾಬರಿ ಬೇಡ, ಅವು ಬೀಜದ ರಸ ಹೀರುತ್ತವೆ, ಗಿಡವನ್ನು ಕೊಲ್ಲುವುದಿಲ್ಲ.

ಚಿಟ್ಟೆ ಅಂದರೆ ಇಲ್ಲಿ ಮುಖ್ಯವಾಗಿ ಮೊನಾರ್ಕ್. ಅದರ ಹುಳ ತಿನ್ನುವುದು ಮಿಲ್ಕ್‌ವೀಡ್ ಜಾತಿಯ ಎಲೆಗಳನ್ನು ಮಾತ್ರ. ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳ ಎರಡು ವಾರ ತಿಂದು, ಬಂಗಾರದ ಚುಕ್ಕೆಯ ಹಸಿರು ಕೋಶವಾಗಿ, ಸುಮಾರು ಹತ್ತು ದಿನದಲ್ಲಿ ಚಿಟ್ಟೆಯಾಗುತ್ತದೆ. ಬೇಸಿಗೆಯ ಕೊನೆಗೆ ಹುಟ್ಟುವ ತಲೆಮಾರು ಸಾವಿರಾರು ಕಿಲೋಮೀಟರ್ ಹಾರಿ ಮೆಕ್ಸಿಕೋದ ಮಿಚೊಆಕಾನ್ ಕಡೆಯ ಬೆಟ್ಟಗಳ ಫರ್ ಮರಗಳ ಕಾಡಿನಲ್ಲಿ ಚಳಿಗಾಲ ಕಳೆಯುತ್ತದೆ. ಈ ವಲಸೆ ಚಿಟ್ಟೆಗಳ ಸಂಖ್ಯೆ ಕೆಲವು ದಶಕಗಳಿಂದ ತುಂಬಾ ಇಳಿದಿದೆ. ಅವುಗಳನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸುವ ಪ್ರಸ್ತಾಪವನ್ನು ಅಮೆರಿಕ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಮುಂದಿಟ್ಟಿತು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಬಟರ್‌ಫ್ಲೈ ವೀಡ್ ಚಿಟ್ಟೆಗಳಿಗೆ ಅದ್ಭುತ ಮಕರಂದ ಕೊಡುತ್ತದೆ, ಆದರೆ ಮೊಟ್ಟೆ ಇಡಲು ಮೊನಾರ್ಕ್ ಇದನ್ನು ಅಷ್ಟು ಮೆಚ್ಚುವುದಿಲ್ಲ. ಹಕ್ಕಿಗಳಿಂದ ಹುಳವನ್ನು ಕಾಪಾಡುವ ಆ ಕಹಿ ವಿಷ ಇದರಲ್ಲಿ ಬೇರೆ ಮಿಲ್ಕ್‌ವೀಡ್‌ಗಳಿಗಿಂತ ಕಡಿಮೆ. ಹಾಗಾಗಿ ಹಿತ್ತಲಲ್ಲಿ ಒದ್ದೆ ಜಾಗ ಇದ್ದರೆ ಅಲ್ಲಿ ಗುಲಾಬಿ ಬಣ್ಣದ ಹೂವಿನ ಸ್ವಾಂಪ್ ಮಿಲ್ಕ್‌ವೀಡ್ ಕೂಡ ಹಾಕಿ, ಒಣ ಬಿಸಿಲು ಜಾಗಕ್ಕೆ ಇದು. ಕಾಮನ್ ಮಿಲ್ಕ್‌ವೀಡ್ ನೆಲದಡಿ ಬೇರು ಹರಡಿಕೊಂಡು ಎಲ್ಲೆಲ್ಲೋ ಏಳುತ್ತದೆ, ಪುಟ್ಟ ಅಂಗಳಕ್ಕೆ ಅದು ಬೇಡ. ಬಟರ್‌ಫ್ಲೈ ವೀಡ್ ಇದ್ದಲ್ಲೇ ಇರುತ್ತದೆ, ಕುಳ್ಳಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಹುಲ್ಲು ಎಷ್ಟು ಎತ್ತರ, ಗಿಡ ಎಲ್ಲಿ ಅಂತ ಲೆಕ್ಕ ಹಾಕುವ ಬಡಾವಣೆಯ ಮನೆಮಾಲೀಕರ ಅಸೋಸಿಯೇಷನ್‌ಗಳೂ ಇದಕ್ಕೆ ತಕರಾರು ಮಾಡುವುದು ಕಡಿಮೆ.

ಬೆಂಗಳೂರಿಗೆ ಇದರ ಬೀಜ ತನ್ನಿ ಅಂತ ಹೇಳುವವರಿಗೆ ನನ್ನ ಉತ್ತರ, ಬೇಡ. ಅನುಮತಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ಬೀಜ ತರುವಂತಿಲ್ಲ, 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಅದೂ ಅಲ್ಲದೆ ಆ ಉದ್ದದ ಚಳಿಯೇ ಅಲ್ಲಿಲ್ಲ. ಅಲ್ಲಿ ಮೊನಾರ್ಕ್‌ನ ಹತ್ತಿರದ ನೆಂಟ ಪ್ಲೇನ್ ಟೈಗರ್ ಚಿಟ್ಟೆ ಇದೆ, ಅದು ಎಕ್ಕದ ಮೇಲೆ ಮೊಟ್ಟೆ ಇಡುತ್ತದೆ. ಸೈಟಿನ ಮೂಲೆಯಲ್ಲಿ ಎದ್ದ ಎಕ್ಕವನ್ನು ಕೀಳದೆ ಬಿಟ್ಟರೆ ಸಾಕು, ಚಿಟ್ಟೆ ತಾನಾಗಿ ಬರುತ್ತದೆ.

ಕಾಯಿಯಿಂದ ಬೀಜ ತೆಗೆಯುವ ಹೊತ್ತು ತಪ್ಪಿಸಿಕೊಳ್ಳಬೇಡಿ. ಕಾಯಿ ಮೂರರಿಂದ ಆರು ಇಂಚು, ನೆಟ್ಟಗೆ ನಿಂತಿರುತ್ತದೆ. ಅದರ ಬದಿಯ ಗೆರೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ತಾನಾಗಿ ಬಿಚ್ಚಿಕೊಂಡು ಒಳಗೆ ಕಂದು ಬೀಜ ಕಂಡರೆ ಬಲಿತಿದೆ ಅಂತ. ಬಿಳಿಯಾಗಿದ್ದರೆ ಇನ್ನೂ ಕೆಲವು ದಿನ ಬಿಡಿ. ಪೂರ್ತಿ ಒಡೆಯುವವರೆಗೆ ಕಾದರೆ ರೇಷ್ಮೆಯಂಥ ಕೂದಲು ಬಿಚ್ಚಿಕೊಂಡು ಎಲ್ಲ ಗಾಳಿಗೆ ಹೋಗುತ್ತದೆ. ಬಲಿತ ಕಾಯಿ ಬಿಚ್ಚಿ, ಕೂದಲಿನ ತುದಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಇನ್ನೊಂದು ಕೈಯಿಂದ ಬೀಜ ಸವರಿದರೆ ಸುಲಭವಾಗಿ ಉದುರುತ್ತದೆ. ನೆರಳಲ್ಲಿ ಒಂದು ವಾರ ಒಣಗಿಸಿ, ಕಾಗದದ ಕವರ್‌ಗೆ ಹಾಕಿ, ಹೆಸರು, ವರ್ಷ ಬರೆದು ತಂಪಾದ ಒಣ ಜಾಗದಲ್ಲಿಡಿ. ನವೆಂಬರ್‌ನಲ್ಲಿ ಬಿತ್ತುವ ಹಾಗಿದ್ದರೆ ಅಷ್ಟೂ ಬೇಕಿಲ್ಲ, ಒಣಗಿದ ಕೂಡಲೇ ಮಣ್ಣಿಗೆ ಹಾಕಿಬಿಡಿ.